ಅಕ್ಕೋರ ಹರಕೆ, ನನ್ನ ನಕಾಶೆ

ನಾನು ಹತ್ತನೇ ಇಯತ್ತೆ ಪಾಸಾದದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಮೂರನೇ ಸಲಕ್ಕೆ. ಹಾಗೆ ಪಾಸಾದ ತಪ್ಪಿಗೆ ಸಮುದ್ರದ ದಂಡೆಯಲ್ಲಿ ಆರು ದಿನ ಚರ್ಚಿನಿಂದ ಚರ್ಚಿಗೆ ನಡೆಯಬೇಕಾಯಿತು. ಇವೆರಡಕ್ಕೂ ಏನು ಸಂಬಂಧ ಎಂದು ಹೇಳಬೇಕಾದರೆ ನಮ್ಮ ಕಟ್ಟಡದ ಅಕ್ಕೋರಿಂದ ಶುರು ಮಾಡಬೇಕು.

ಅದು ತೊಂಬತ್ತರ ದಶಕದ ಕೊನೆ. ಪುಣೆಯ ಶಿವಾಜಿನಗರದ ಒಂದು ಕಚೇರಿಯಲ್ಲಿ ನಾನು ಶಿಪಾಯಿ. ಫೈಲು ಹೊರುವುದು, ಚಹಾ ತರುವುದು, ಸಾಹೇಬರು ಗಂಟೆ ಬಾರಿಸಿದರೆ ಓಡುವುದು. ಬಾಗಲಕೋಟೆ ಕಡೆಯ ನಮ್ಮ ಸಣ್ಣ ಊರಿನಲ್ಲಿ ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಹತ್ತನೇದು ಪಾಸಾದರೆ ಗುಮಾಸ್ತನ ಕುರ್ಚಿ ಸಿಗುತ್ತದೆ ಎಂದು ಹೆಡ್ ಕ್ಲಾರ್ಕು ಒಮ್ಮೆ ಹೇಳಿದ್ದರು. ಅವರು ಸುಮ್ಮನೆ ಹೇಳಿದ್ದರು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಪುಸ್ತಕ ಕೊಂಡು ತಂದುಬಿಟ್ಟೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದರು. ಮುಲ್ಕಿ ಕಡೆಯ ಕ್ರಿಶ್ಚಿಯನ್ನರು, ಮದುವೆಯಾಗದವರು, ಅರವತ್ತೊಂದು ವಯಸ್ಸು. ಸಣ್ಣ ಆಳು, ದೊಡ್ಡ ದನಿ. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತೇವೆ. ನಾನೂ ನನ್ನ ಹೆಂಡತಿಯೂ ಅವರನ್ನು ಹಾಗೇ ಕರೆದೆವು. ಮೊದಲ ಸಲ ಅವರು ನಮ್ಮ ಮನೆಗೆ ಬಂದದ್ದು ಜಗಳಕ್ಕೆ. ನನ್ನ ಹೆಂಡತಿ ಮಧ್ಯಾಹ್ನ ಶೇಂಗಾ ಚಟ್ನಿ ಕುಟ್ಟುವ ಸದ್ದಿಗೆ ಅವರ ನಿದ್ದೆ ಹಾಳಾಗುತ್ತಿತ್ತು.

"ಎಂತ ಕುಟ್ಟುವುದು ಮಾರಾಯ್ತಿ, ಮನೆಯಾ ಗಿರಣಿಯಾ?" ಎಂದು ಬಾಗಿಲಲ್ಲೇ ನಿಂತು ಕೇಳಿದರು.

"ಬರ್ರಿ ಅಕ್ಕೋರ, ಒಳಗ ಬರ್ರಿ, ರುಚಿ ನೋಡ್ರಿ. ಆಮ್ಯಾಲ ಬೈರಿ," ಎಂದಳು ಹೆಂಡತಿ.

ರುಚಿ ನೋಡಿದರು, ಬೈಯುವುದು ಮರೆತರು. ಹೊರಡುವಾಗ ಮೂಲೆಯಲ್ಲಿ ಗಣಿತದ ಪುಸ್ತಕ ಎದುರಿಟ್ಟುಕೊಂಡು ತಲೆ ಕೆರೆಯುತ್ತಿದ್ದ ನನ್ನನ್ನು ಕಂಡರು. ಪುಸ್ತಕ ತಿರುಗಿಸಿ ನೋಡಿ, "ನಾಳೆ ಆಫೀಸು ಬಿಟ್ಟ ಮೇಲೆ ಕೆಳಗೆ ಬನ್ನಿ. ಪೆನ್ಸಿಲ್ ಚೂಪು ಮಾಡಿ ತನ್ನಿ," ಎಂದು ಹೋದರು. ಮುಂದಿನ ಎರಡೂವರೆ ವರ್ಷ ನನ್ನ ಸಂಜೆಗಳು ಅವರ ಊಟದ ಮೇಜಿನ ಮುಂದೆ ಕಳೆದವು.

ಭೂಗೋಳ ನನಗೆ ತಾನಾಗಿ ಬಂತು. ನಕಾಶೆ ತುಂಬುವುದರಲ್ಲಿ ಪೂರ್ತಿ ಅಂಕ. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಪಾಸಾದೆ. ಪೇಡೆಯ ಪೊಟ್ಟಣ ಹಿಡಿದು ಎರಡು ಎರಡು ಮೆಟ್ಟಿಲು ಹಾರಿ ಅವರ ಮನೆಗೆ ಹೋದೆ. ಅಕ್ಕೋರು ಅಂಕಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. ಆಮೇಲೆ ಗೋಡೆಯ ಮೇಲಿದ್ದ ಮೇರಿ ಮಾತೆಯ ಪಟದ ಕಡೆ ತಿರುಗಿ, "ಆಯ್ತು. ಇನ್ನು ನನ್ನ ಸರದಿ," ಎಂದರು.

"ಏನ್ ಸರದಿರಿ ಅಕ್ಕೋರ?"

"ನಡೆಯುವುದು. ನೀವು ಎರಡನೇ ಸಲ ಫೇಲಾದಾಗ ನಾನೊಂದು ಹರಕೆ ಹೇಳಿಕೊಂಡಿದ್ದೆ. ನಿಮಗೆ ಹೇಳ್ಲಿಲ್ಲ. ಹೇಳಿದ್ರೆ ನೀವು ಓದುವುದು ಬಿಟ್ಟು ಮಾತೆಯ ಮೇಲೇ ಭಾರ ಹಾಕ್ತಿದ್ರಿ."

ಹರಕೆ ಹೀಗಿತ್ತು. ಅವರ ಅಜ್ಜಿ ಹಿಂದಿನ ಕಾಲದಲ್ಲಿ ಕುಂದಾಪುರದಿಂದ ಮುಲ್ಕಿ ಹತ್ತಿರದ ತಮ್ಮ ಊರಿಗೆ ಚರ್ಚಿನ ವಾರ್ಷಿಕ ಹಬ್ಬಕ್ಕೆ ನಡೆದು ಹೋಗುತ್ತಿದ್ದರಂತೆ. ದಾರಿಯುದ್ದಕ್ಕೂ ಸಮುದ್ರದ ಬದಿಯ ಹಳ್ಳಿಗಳಲ್ಲಿ ಹಳೆಯ ಚರ್ಚುಗಳು. ಅಕ್ಕೋರೂ ಅದೇ ದಾರಿಯಲ್ಲಿ ಆರು ಚರ್ಚುಗಳಿಗೆ ನಡೆದು, ಒಂದೊಂದರಲ್ಲೂ ಮೇಣದ ಬತ್ತಿ ಹಚ್ಚಿ, ಕೊನೆಯದಕ್ಕೆ ಹಬ್ಬದ ಬೆಳಗಿನ ಪೂಜೆಗೆ ಸರಿಯಾಗಿ ಮುಟ್ಟಬೇಕು. ಮೊದಲ ಚರ್ಚಿನಿಂದ ಕೊನೆಯ ಚರ್ಚಿನವರೆಗೆ ಪೂರ್ತಿ ತಮ್ಮ ಕಾಲಿನ ಮೇಲೆ. ಏನನ್ನೂ ಹತ್ತುವ ಹಾಗಿಲ್ಲ.

"ಡಾಕ್ಟರು ಹೇಳಿದ್ದಾರೆ, ಈ ಮೊಣಕಾಲು ಇಂಥ ಕೆಲಸವನ್ನು ಇನ್ನೊಂದೇ ಸಲ ತಾಳುತ್ತದಂತೆ," ಎಂದರು. "ಈ ಜನವರಿಗೆ ಆಗಬೇಕು. ಇಲ್ಲದಿದ್ರೆ ಇಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಲಟ್ಟಣಿಗೆ ಕೆಳಗಿಟ್ಟಳು.

"ಅಂದ್ರ ನೀವು ನಿಮ್ಮ ತಲೀಲೆ ಪಾಸಾಗಿಲ್ಲ. ಅಕ್ಕೋರ ಮೊಣಕಾಲ್ಲೆ ಪಾಸಾಗೀರಿ."

ನಗುತ್ತಲೇ ಹೇಳಿದ್ದು. ಆದರೆ ನನಗೆ ಅದು ಒಳಗೆ ನಾಟಿತು. ಕಚೇರಿಯಲ್ಲಿ ಗುಮಾಸ್ತನ ಕುರ್ಚಿ ಸಿಕ್ಕಿತು, ಆದರೆ ಆ ಹರಕೆ ತೀರುವವರೆಗೆ ಅದು ಪೂರ್ತಿ ನನ್ನದು ಅನ್ನಿಸಲಿಲ್ಲ. ನಾನೂ ಬರುತ್ತೇನೆ ಎಂದು ಅಕ್ಕೋರಿಗೆ ಹೇಳಿದೆ. ಹೆಂಡತಿ, "ನಾನ್ಯಾಕ ಬಿಡ್ಲಿ? ಸಮುದ್ರ ನೋಡಿಲ್ಲ ನಾನು," ಎಂದು ತಾನೂ ಹೊರಟಳು.

ನಡಿಗೆಯಲ್ಲಿ ನನಗೆ ಅನುಭವವಿದೆ ಎಂದು ಅವರಿಬ್ಬರೂ ನಂಬಿದ್ದರು. ಅದಕ್ಕೆ ಕಾರಣ ನಾನೇ. ಒಂದು ವರ್ಷ ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಪಾಲಖಿಯ ಹಿಂದೆ ಪುಣೆಯಿಂದ ಸಾಸವಡದವರೆಗೆ ನಡೆದಿದ್ದೆ. ಒಂದು ದಿನದ ದಾರಿ ಅಷ್ಟೇ. ಆದರೆ ಹೇಳುವಾಗ, ಪಂಢರಪುರದ ಪಾದಯಾತ್ರೆಯನ್ನೇ ಪೂರ್ತಿ ಮಾಡಿದವನ ಹಾಗೆ, "ವಾರಿಗೆ ಹೋಗಿದ್ದೆ" ಎನ್ನುತ್ತಿದ್ದೆ. ಸಾಸವಡದಿಂದ ಬಸ್ಸಿನಲ್ಲಿ ಹಿಂತಿರುಗಿದ ಮಾತು ಬಾಯಿಗೆ ಬರುತ್ತಿರಲಿಲ್ಲ.

ದಸರೆ ಮುಗಿದ ಮೇಲೆ ರೂಢಿ ಮಾಡಿಕೊಳ್ಳಲು ಶುರು ಮಾಡಿದೆವು. ಬೆಳಗಿನ ಹೊತ್ತು ಶಿವಾಜಿನಗರದಿಂದ ಪರ್ವತಿ ಗುಡ್ಡದವರೆಗೆ ಹೋಗಿ, ಮೆಟ್ಟಿಲು ಹತ್ತಿ ಇಳಿದು ಬರುವುದು. ಅಕ್ಕೋರಿಗೆ ಬಿಳಿ ಕ್ಯಾನ್ವಾಸ್ ಬೂಟು, ನನಗೆ ಚಪ್ಪಲಿ, ಹೆಂಡತಿ ಬರಿಗಾಲು. ಹಾಲಿನ ಬೂತಿನವನು ದಿನಾ ನೋಡಿ ನೋಡಿ ಒಂದು ದಿನ ಮರಾಠಿಯಲ್ಲಿ ಕೇಳಿದ: "ಕಾಯ್ ಬಾಯಿ, ಆಳಂದೀಲಾ ಕಾ?" ಆಳಂದಿಯ ದೇವಸ್ಥಾನಕ್ಕೆ ಹೊರಟಿರಾ ಎಂದು.

"ನಾಹಿ, ಮಾಹೇರಲಾ!" ಎಂದರು ಅಕ್ಕೋರು. ತವರಿಗೆ ಹೊರಟಿದ್ದೇನೆ ಎಂದು. ಆವತ್ತಿನಿಂದ ಅವನು ಅವರನ್ನು ಕಂಡಾಗಲೆಲ್ಲ, ತವರು ಇನ್ನೂ ಮುಟ್ಟಿಲ್ಲವೇ ಎಂದು ಕೇಳುತ್ತಿದ್ದ.

ದಾರಿ ಗುರುತು ಮಾಡುವ ಕೆಲಸ ನನ್ನದು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕರ್ನಾಟಕದ ನಕಾಶೆ ಕೊಂಡು, ಅಡಿಪಟ್ಟಿ ಇಟ್ಟು, ಸಮುದ್ರದ ಬದಿಯಲ್ಲೇ ಕೆಂಪು ಗೆರೆ ಎಳೆದೆ. ದಿನಕ್ಕೆ ಇಷ್ಟು ಎಂದು ಭಾಗ ಮಾಡಿದೆ. ಹಬ್ಬದ ಹಿಂದಿನ ಸಂಜೆ ಕೊನೆಯ ಊರು. ನನ್ನ ಕೆಂಪು ಗೆರೆಯನ್ನು ಮೂರು ಕಡೆ ಕೂದಲೆಳೆಯಂಥ ನೀಲಿ ಗೆರೆಗಳು ದಾಟಿದ್ದವು.

"ಇವೆಂತ?" ಎಂದು ಅಕ್ಕೋರು ಬೆರಳಿಟ್ಟರು.

"ಹಳ್ಳರಿ ಅಕ್ಕೋರ. ಜನವರಿಯಾಗ ನೀರ ಇರೂದಿಲ್ಲ. ಕಲ್ಲಿನ ಮ್ಯಾಲ ಕಾಲಿಟ್ಟು ದಾಟಿ ಹೋಗೂದು."

ನಮ್ಮ ಊರಿನ ನಕಾಶೆಯಲ್ಲಿ ಅಷ್ಟು ದಪ್ಪದ ಗೆರೆ ಎಂದರೆ ಅದೇ ಅರ್ಥ. ದೀಪಾವಳಿ ಕಳೆದ ಮೇಲೆ ಅದರಲ್ಲಿ ಹುಡುಗರು ಗೋಲಿ ಆಡುತ್ತಾರೆ. ಅಕ್ಕೋರು ಹತ್ತನೇ ವಯಸ್ಸಿಗೇ ಪುಣೆಗೆ ಬಂದವರು. ಭೂಗೋಳದಲ್ಲಿ ನನಗೆ ಪೂರ್ತಿ ಅಂಕ ಬಂದದ್ದು ಅವರಿಗೆ ಗೊತ್ತಿತ್ತು. ತಲೆಯಾಡಿಸಿದರು.

ಜನವರಿಯಲ್ಲಿ ಬಸ್ಸಿನಲ್ಲಿ ಕುಂದಾಪುರಕ್ಕೆ ಇಳಿದೆವು. ಮೊದಲ ಚರ್ಚಿನಲ್ಲಿ ಅಕ್ಕೋರು ಬತ್ತಿ ಹಚ್ಚಿ ಹೊರಗೆ ಬಂದು, ಬೂಟಿನ ಲಾಡಿ ಬಿಗಿದು, "ಇನ್ನು ನೆಲ," ಎಂದರು.

ಮೊದಲ ಎರಡು ದಿನ ಹಬ್ಬದ ಹಾಗೇ ಇತ್ತು. ಒಂದು ಬದಿ ಸಮುದ್ರ, ಒಂದು ಬದಿ ತೆಂಗು, ನಡುವೆ ಮೀನು ಒಣಗಿಸಿದ ಮರಳು. ಹೆಂಡತಿ ಸಮುದ್ರ ನೋಡಿ ಅರ್ಧ ಗಂಟೆ ಮಾತಾಡಲಿಲ್ಲ. ನಮ್ಮ ಮದುವೆಯಾದ ಮೇಲೆ ಅದೇ ಮೊದಲು. ಕೆಂಪು ಕಲ್ಲಿನ ಗೋಡೆಗೆ ಸುಣ್ಣ ಬಳಿದ ಚರ್ಚುಗಳು, ಎದುರಿಗೆ ಕಲ್ಲಿನ ಶಿಲುಬೆ, ಅದರ ಬುಡದಲ್ಲಿ ಯಾರೋ ಇಟ್ಟ ಎಣ್ಣೆಯ ದೀಪ. ಎರಡನೆಯ ಚರ್ಚಿನಲ್ಲಿ ಫಾದರ್ ಎದುರಾದಾಗ ನಾನು ವಾರಿಯ ರೂಢಿಯಂತೆ "ಮಾವುಲಿ" ಎಂದು ಬಗ್ಗಿ ಅವರ ಕಾಲು ಮುಟ್ಟಿಬಿಟ್ಟೆ. ಅವರು ಗಾಬರಿಯಾಗಿ ಹಿಂದೆ ಸರಿದರು.

"ಮಾವುಲಿ ಅಂದ್ರೆ ಎಂತ?" ಎಂದು ಕೇಳಿದರು.

"ತಾಯಿ ಅಂತರಿ."

ಫಾದರ್ ತಮ್ಮ ಗಡ್ಡ ಮುಟ್ಟಿ ನೋಡಿಕೊಂಡರು. ಅಕ್ಕೋರು ನಗು ತಡೆದು, "ಬಿಡಿ ಫಾದರ್, ನಾವು ಹೊರಟದ್ದೂ ತಾಯಿಯ ಹತ್ತಿರವೇ ಅಲ್ವಾ," ಎಂದರು. ಆ ರಾತ್ರಿ ಚರ್ಚಿನ ಶಾಲೆಯ ಜಗಲಿಯಲ್ಲಿ ಮಲಗಲು ಚಾಪೆ ಸಿಕ್ಕಿತು. ಮೀನು ತಿನ್ನದ ನಮಗಿಬ್ಬರಿಗೆ ಗಂಜಿ, ಉಪ್ಪಿನಕಾಯಿ ಕೊಟ್ಟರು.

ಗಂಜಿಯೇ ಗತಿಯಾದದ್ದಕ್ಕೆ ಕಾರಣವಿತ್ತು. ಹೆಂಡತಿ ಊರಿನಿಂದ ತರಿಸಿದ ಕಡಕ್ ಜೋಳದ ರೊಟ್ಟಿ ನಲವತ್ತು ಕಟ್ಟಿ ತಂದಿದ್ದಳು. ನಮ್ಮ ಕಡೆ ತಿಂಗಳಾದರೂ ಹಪ್ಪಳದ ಹಾಗೆ ಮುರಿಯುವ ರೊಟ್ಟಿ. ಕರಾವಳಿಯ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಚಕ್ಕಳದಂತೆ ಜಗ್ಗತೊಡಗಿತು.

"ಇಲ್ಲಿ ಹವಾನೂ ನೀರ್ ಕುಡಿತದ ನೋಡ್ರಿ," ಎಂದು ಅವಳು ರೊಟ್ಟಿಯನ್ನು ವಸ್ತ್ರದ ಹಾಗೆ ಮಡಚಿ ತೋರಿಸಿದಳು. ಅಕ್ಕೋರು ಮಾತ್ರ, ಈಗ ಹಲ್ಲಿಗೆ ಸುಖವಾಯಿತು ಎಂದು ಇಷ್ಟಪಟ್ಟು ತಿಂದರು.

ಮೊದಲ ನೀಲಿ ಗೆರೆಗೆ ಸೇತುವೆ ಇತ್ತು. ಸೇತುವೆಯ ಕೆಳಗೆ ದಡದಿಂದ ದಡಕ್ಕೆ ತುಂಬಿದ ನೀರು ನೋಡಿ ನಾನು ನಕಾಶೆಯನ್ನು ಚೀಲದ ತಳಕ್ಕೆ ತುರುಕಿದೆ. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಮೂರನೆಯ ಚರ್ಚು ಮುಗಿಸಿ ಎರಡನೆಯ ನೀಲಿ ಗೆರೆಗೆ ಬಂದೆವು. ದಾರಿ ಅಲ್ಲಿಗೆ ಮುಗಿದಿತ್ತು. ಎದುರಿಗೆ ನೀರು. ಆಚೆ ದಡದ ಜನ ಇರುವೆಗಳ ಹಾಗೆ ಕಾಣುತ್ತಿದ್ದರು. ಮೀನಿನ ದೋಣಿಯೊಂದು ಸದ್ದು ಮಾಡುತ್ತ ಸಮುದ್ರದ ಕಡೆಯಿಂದ ಒಳಕ್ಕೆ ಬರುತ್ತಿತ್ತು.

ನಾನು ನಕಾಶೆ ಬಿಚ್ಚಿದೆ. ಮಡಚಿದೆ. ಮತ್ತೆ ಬಿಚ್ಚಿದೆ.

"ಹಳ್ಳ ಅಂದಿದ್ರಲ್ರೀ," ಎಂದಳು ಹೆಂಡತಿ. "ಯಾವ್ ಕಲ್ಲಿನ ಮ್ಯಾಲ ಕಾಲಿಡೂಣು, ತೋರಸ್ರಿ."

ಕರಾವಳಿಯಲ್ಲಿ ನದಿ ಮಾತ್ರ ಸಮುದ್ರಕ್ಕೆ ಹೋಗುವುದಿಲ್ಲ, ಸಮುದ್ರವೂ ನದಿಯೊಳಗೆ ಬರುತ್ತದೆ. ಅದು ನನಗೆ ಆವತ್ತು ತಿಳಿಯಿತು. ಬೇಸಿಗೆ, ಚಳಿಗಾಲ ಎಂದು ಅದಕ್ಕೇನೂ ಇಲ್ಲ.

ಜನರನ್ನು ದಾಟಿಸುವ ದೋಣಿ ಅಲ್ಲೇ ಕಟ್ಟಿತ್ತು. ದೋಣಿಯವನು ಕೈ ಬೀಸಿ ಕರೆದ. ಅಕ್ಕೋರು ಅಲ್ಲಾಡಲಿಲ್ಲ. ಹೆದ್ದಾರಿಯ ಸೇತುವೆಗೆ ಹೋಗಿ ಸುತ್ತಿ ಬಂದರೆ ಹೇಗೆ ಎಂದು ನಾನು ಕೇಳಿದೆ. ದೋಣಿಯವನು ದಾರಿ ಹೇಳಿದ. ಅಕ್ಕೋರ ನಡಿಗೆಗೆ ಅದು ಎರಡು ದಿನದ ಸುತ್ತು. ಹಬ್ಬ ಮುಗಿದ ಮಾರನೇ ದಿನ ಊರು ಮುಟ್ಟುತ್ತಿದ್ದೆವು.

"ನಿಮ್ಮ ಅಜ್ಜಿನೂ ದೋಣಿಯಾಗ ದಾಟಿರಬೇಕಲ್ರಿ ಅಕ್ಕೋರ?" ಎಂದೆ.

"ದಾಟಿರಬಹುದು. ಅಜ್ಜಿ ಹಬ್ಬಕ್ಕೆ ಹೋದದ್ದು, ಹರಕೆಗೆ ಅಲ್ಲ. ನಾನು ಮಾತು ಕೊಟ್ಟಿದ್ದೇನೆ. ಮಾತೆಯ ಕಡೆಯಿಂದ ನಮ್ಮ ಕೆಲಸ ಪೂರ್ತಿ ಆಗಿದೆ, ಅಂಕಪಟ್ಟಿ ನಿಮ್ಮ ಪೆಟ್ಟಿಗೆಯಲ್ಲಿದೆ. ಈಗ ನಾನು ಅರ್ಧ ಕೊಟ್ಟು ಸುಮ್ಮನಿದ್ರೆ ಅದಕ್ಕೆ ಏನಂತಾರೆ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನನ್ನದೂ ತಪ್ಪುಂಟು. ಈ ಕಡೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೆ! ಸೇತುವೆ ಬರುವಾಗ ನನಗೆ ಯಾವಾಗಲೂ ನಿದ್ದೆ," ಎಂದು ಕೆಂಪು ಕಲ್ಲಿನ ಮೇಲೆ ಕೂತು ಮೊಣಕಾಲು ಉಜ್ಜಿಕೊಳ್ಳತೊಡಗಿದರು. ನಾನು ನಕಾಶೆಯನ್ನು ಎಲ್ಲಿ ಇಡುವುದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತೆ.

ಆಗ ಬುಟ್ಟಿ ಹಿಡಿದ ಒಬ್ಬ ಹೆಂಗಸು ಆ ದಾರಿಯಲ್ಲಿ ಬಂದಳು. ನದಿಯ ಮರಳಿನಲ್ಲಿ ಚಿಪ್ಪು ಹೆಕ್ಕಿ ಮಾರುವವಳು. ನಮ್ಮನ್ನು ನೋಡಿ ನಿಂತಳು.

"ಹ್ವಾಯ್ ಅಮ್ಮಾ, ದೋಣಿ ಹತ್ತುಕೆ ಹೆದ್ರಿಕಿಯಾ?"

"ಹೆದರಿಕೆ ಅಲ್ಲ ಮಾರಾಯ್ತಿ, ಹರಕೆ. ನಡೆದೇ ಹೋಗಬೇಕು."

"ಹಾಂಗಾರೆ ನಡ್ಕಂಡೇ ದಾಟಿ. ನಾವ್ ದಿನಾ ದಾಟುದಿಲ್ಯಾ?"

ನಾವು ಮೂವರೂ ಅವಳ ಮುಖ ನೋಡಿದೆವು. ಅವಳು ಬುಟ್ಟಿ ಇಳಿಸಿ ಮೇಲಿನ ಕಡೆ ಕೈ ತೋರಿಸಿದಳು. ಒಂದು ಮೈಲಿ ಮೇಲಕ್ಕೆ ಹೋದರೆ ನದಿ ಹರಡಿಕೊಂಡಿದೆ. ನೀರು ಇಳಿದಾಗ ನಡುವೆ ಮರಳದಿಬ್ಬ ಏಳುತ್ತದೆ. ಚಿಪ್ಪು ಹೆಕ್ಕುವ ಹೆಂಗಸರೆಲ್ಲ ಅಲ್ಲೇ ಇಳಿದು ಆಚೆ ದಡಕ್ಕೂ ಹೋಗಿ ಬರುತ್ತಾರೆ. ಇಳಿತಕ್ಕೆ ಇನ್ನು ಎರಡು ಗಂಟೆ.

"ಎಷ್ಟ್ ಆಳ ಅದರಿ?" ಎಂದೆ.

"ನಂಗೆ ಸೊಂಟ. ಅಮ್ಮಂಗೆ ಎದಿ ಮಟ್ಟ ಆತ್ತ್. ನಿಮ್ಗೆ ಎಂತದೂ ಇಲ್ಲ, ನೀವ್ ಉದ್ದ ಇದ್ರಿ."

ಉದ್ದ ಇದ್ದೆ, ನಿಜ. ಆದರೆ ನನಗೆ ಈಜು ಬರುವುದಿಲ್ಲ. ನಮ್ಮ ಊರಿನಲ್ಲಿ ಈಜುವಷ್ಟು ನೀರು ಯಾರೂ ನೋಡಿಲ್ಲ. ಹೆಂಡತಿಯ ತವರು ಮಾತ್ರ ಕೃಷ್ಣೆಯ ದಂಡೆ. ಅವಳು ಆಗಲೇ ಕಚ್ಚೆ ಬಿಗಿಯಲು ಶುರು ಮಾಡಿದ್ದಳು.

ಅಕ್ಕೋರು ಎದ್ದರು. "ನೀವು ಬೇಕಾದರೆ ದೋಣಿಯಲ್ಲಿ ಬನ್ನಿ," ಎಂದರು ನನಗೆ. "ಹರಕೆ ನನ್ನದು. ನಿಮಗೆ ದೋಷವಿಲ್ಲ."

"ಪಾಸಾದಾವ ನಾನರಿ ಅಕ್ಕೋರ," ಎಂದೆ. ಇಷ್ಟು ಹೇಳಿದ ಮೇಲೆ ಹಿಂದೆ ಸರಿಯಲು ಆಗಲಿಲ್ಲ.

ಎರಡು ಗಂಟೆಯಲ್ಲಿ ನದಿ ನಮ್ಮ ಕಣ್ಣೆದುರಿಗೇ ಇಳಿಯಿತು. ಯಾರೋ ತಳದಲ್ಲಿ ಬೂಚು ತೆಗೆದ ಹಾಗೆ. ನಡುವೆ ಕಂದು ಬಣ್ಣದ ಮರಳಿನ ಬೆನ್ನು ಎದ್ದಿತು. ಮೇಣದ ಬತ್ತಿಗಳನ್ನೂ ಬಟ್ಟೆಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾನು ತಲೆಯ ಮೇಲೆ ಹೊತ್ತೆ. ಚಿಪ್ಪಿನ ಹೆಂಗಸು ಮುಂದೆ, ಅವಳ ಹಿಂದೆ ಅಕ್ಕೋರ ಕೈ ಹಿಡಿದ ನನ್ನ ಹೆಂಡತಿ, ಕೊನೆಗೆ ನಾನು. ಅಕ್ಕೋರು ಬೂಟು ಬಿಚ್ಚಿ, ಎರಡರ ಲಾಡಿ ಗಂಟು ಹಾಕಿ, ಕೊರಳಿಗೆ ಹಾಕಿಕೊಂಡಿದ್ದರು.

ದಿಬ್ಬದವರೆಗೆ ಮೊಣಕಾಲಿನ ನೀರು. ದಿಬ್ಬ ದಾಟಿದ ಮೇಲೆ ತೊಡೆ, ಆಮೇಲೆ ಸೊಂಟ. ಕಾಲಡಿಯ ಮರಳು ಜಾರುತ್ತಿತ್ತು. ಪಕ್ಕದಿಂದ ನೀರು ಮೆಲ್ಲಗೆ ದೂಡುತ್ತಿತ್ತು. ನಾನು ನಿಂತುಬಿಟ್ಟೆ. ಮುಂದೆ ಹೆಜ್ಜೆ ಇಡಲಾಗಲಿಲ್ಲ, ಹಿಂದೆ ಇಡಲೂ ಆಗಲಿಲ್ಲ.

ಅಕ್ಕೋರು ತಿರುಗಿ ನೋಡಿದರು. ಎದೆಯವರೆಗೆ ನೀರಿನಲ್ಲಿ, ಕೊರಳಿನಲ್ಲಿ ಬೂಟು ತೂಗುತ್ತಿದ್ದರೂ, ದನಿ ಮಾತ್ರ ಊಟದ ಮೇಜಿನದೇ.

"ಹದಿನೇಳರ ಮಗ್ಗಿ ಹೇಳಿ!"

"ಈಗೇನ್ರಿ ಅಕ್ಕೋರ..."

"ಹೇಳಿ ಅಂದೆ. ಒಂದಕ್ಕೆ ಒಂದು ಹೆಜ್ಜೆ."

"ಹದಿನೇಳ್ ಒಂದ್ಲೆ ಹದಿನೇಳು," ಎಂದೆ. ಕಾಲು ಎದ್ದಿತು. "ಹದಿನೇಳ್ ಎರಡ್ಲೆ ಮೂವತ್ತನಾಲ್ಕು." ಇನ್ನೊಂದು ಹೆಜ್ಜೆ. ಆರರವರೆಗೆ ಸರಿಯಾಗಿ ಹೋದೆ. "ಹದಿನೇಳ್ ಏಳ್ಲೆ ನೂರಾ ಹದಿನೇಳು."

"ತಪ್ಪು! ಮೊದಲಿಂದ!"

"ನೀರಾಗ ನಿಂದ್ರಿಸಿ ತಪ್ಪ್ ತಗೀಬ್ಯಾಡ್ರಿ ಅಕ್ಕೋರ, ಮುಳಗ್ತಾರ ಅವ್ರು!" ಎಂದು ಹೆಂಡತಿ ಕೂಗಿದಳು. ಚಿಪ್ಪಿನ ಹೆಂಗಸು ನಗುತ್ತ ನಗುತ್ತ ತಾನೇ ಮುಗ್ಗರಿಸಿದಳು. ನಾನು ಮೊದಲಿಂದ ಹೇಳಿದೆ. ಏಳಕ್ಕೆ ನೂರಾ ಹತ್ತೊಂಬತ್ತು ಎಂದು ಸರಿಯಾಗಿ ಹೇಳುವಾಗ ನೀರು ತೊಡೆಗೆ ಇಳಿದಿತ್ತು. ಹತ್ತು ಮುಗಿಯುವಾಗ ನಾನು ಕೆಸರಿನಲ್ಲಿದ್ದೆ. ಅಷ್ಟು ಒಳ್ಳೆಯ ಕೆಸರನ್ನು ನಾನು ಆಮೇಲೆ ನೋಡಿಲ್ಲ.

ಆ ಸಂಜೆ ನಾಲ್ಕನೆಯ ಚರ್ಚಿನಲ್ಲಿ ಅಕ್ಕೋರು ಬತ್ತಿ ಹಚ್ಚದೆ ಮೆಟ್ಟಿಲ ಮೇಲೆ ಕೂತಿದ್ದರು. ಏನಾಯಿತು ಎಂದು ಕೇಳಿದೆವು.

"ಆಳದ ಕಡೆ ಎರಡು ಸಲ ನನ್ನ ಕಾಲು ನೆಲ ಬಿಟ್ಟಿತು," ಎಂದರು. "ಎರಡೂ ಕಾಲು. ಅದು ನಡೆದ ಹಾಗೆ ಆಗ್ಲಿಲ್ಲ. ತೇಲಿದ ಹಾಗೆ ಆಯ್ತು."

ಇಷ್ಟು ಮಾಡಿಯೂ ಹೋಯಿತೇ ಎಂದು ನಾನೂ ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಹೆಂಡತಿ ಒದ್ದೆ ಸೆರಗು ಹಿಂಡುತ್ತ ಸಾವಕಾಶವಾಗಿ ಹೇಳಿದಳು:

"ನಿಮ್ಮ ಕಾಲ್ ಬಿಟ್ಟಾಗ ನನ್ನ ಕೈ ಹಿಡ್ದಿದ್ರಿಲ್ರಿ ಅಕ್ಕೋರ? ನನ್ನ ಕಾಲ್ ನೆಲಾ ಬಿಟ್ಟಿಲ್ಲ. ನಾ ಏನ್ ಗಾಡಿನ? ದೋಣಿನ? ಸಣ್ಣ ಕೂಸಿಗೆ ಅವರವ್ವ ಕೈ ಹಿಡದು ನಡಿಸ್ತಾಳ, ಕೂಸ ನಡೀತು ಅಂತೀವಿ ಹೌದಿಲ್ಲೋ?"

ಅಕ್ಕೋರು ಅವಳನ್ನು ಬಹಳ ಹೊತ್ತು ನೋಡಿದರು. ತಪ್ಪು ಹುಡುಕುವ ಟೀಚರ ಕಣ್ಣು ಅದು, ನನಗೆ ಗೊತ್ತು. ಸಿಗಲಿಲ್ಲ ಅನ್ನಿಸುತ್ತದೆ. "ನೀನು ಎಷ್ಟನೇ ಕ್ಲಾಸು ಓದಿದ್ದು?" ಎಂದು ಕೇಳಿದರು.

"ನಾಲ್ಕನೇದ್ರಿ."

"ಪುಣೆಗೆ ಹೋದ ಮೇಲೆ ನೀನೂ ಕೆಳಗೆ ಬಾ," ಎಂದು ಎದ್ದು ಒಳಗೆ ಹೋಗಿ ಬತ್ತಿ ಹಚ್ಚಿದರು.

ಮೂರನೆಯ ನೀಲಿ ಗೆರೆಗೆ, ದೇವರ ದಯೆ, ಸೇತುವೆ ಇತ್ತು. ದೂರದಿಂದ ಅದನ್ನು ಮೊದಲು ಕಂಡವನು ನಾನೇ.

ಹಬ್ಬದ ಬೆಳಿಗ್ಗೆ ಕೊನೆಯ ಚರ್ಚಿನ ಗಂಟೆ ಹೊಡೆಯುವ ಮೊದಲೇ ಅಕ್ಕೋರು ಒಳಗಿದ್ದರು. ನಾವಿಬ್ಬರೂ ಬಾಗಿಲ ಬಳಿ ನಿಂತೆವು. ಕೊಂಕಣಿಯ ಹಾಡು ತಿಳಿಯಲಿಲ್ಲ, ಆದರೆ ಅಷ್ಟೂ ಜನರ ನಡುವೆ ಅವರ ದೊಡ್ಡ ದನಿ ಬೇರೆಯಾಗಿ ಕೇಳಿಸುತ್ತಿತ್ತು. ಪೂಜೆ ಮುಗಿದ ಮೇಲೆ ಹೊರಗೆ ಬಂದರು. ಕಣ್ಣು ಒದ್ದೆಯಿತ್ತು, ಮುಖ ಹಗುರವಾಗಿತ್ತು.

"ಮುಗಿಯಿತು," ಎಂದರು ನನಗೆ. "ನಿಮ್ಮ ಪಾಸು ಈಗ ಪಕ್ಕಾ. ಹೋಗಿ ಕುರ್ಚಿಯಲ್ಲಿ ಆರಾಮ ಕೂತುಕೊಳ್ಳಿ."

ಬಸ್ ಸ್ಟ್ಯಾಂಡು ಅರ್ಧ ಮೈಲಿ ದೂರ. ನಡೆಯೋಣವೇ ಎಂದೆ, ಅಭ್ಯಾಸ ಬಲದಿಂದ. ಅಕ್ಕೋರು ನನ್ನನ್ನು ಕೆಕ್ಕರಿಸಿ ನೋಡಿ, ಹಾದುಹೋಗುತ್ತಿದ್ದ ಆಟೋಕ್ಕೆ ಕೈ ತೋರಿಸಿದರು. ಬಸ್ಸಿನಲ್ಲಿ ಮೊದಲು ಹತ್ತಿದವರೂ ಅವರೇ. ಕಿಟಕಿ ಬದಿಯ ಸೀಟು ಹಿಡಿದು, ಬೂಟು ಬಿಚ್ಚಿ, ಎರಡೂ ಕಾಲು ಎದುರಿನ ಗಂಟಿನ ಮೇಲೆ ಚಾಚಿದರು. ಚಹಾಕ್ಕೆ ಬಸ್ಸು ನಿಂತಾಗ ಇಳಿಯುತ್ತೀರಾ ಎಂದು ನನ್ನ ಹೆಂಡತಿ ಕೇಳಿದಳು.

"ಇನ್ನು ಪುಣೆ ಬರುವವರೆಗೆ ನಾನು ಒಂದು ಹೆಜ್ಜೆ ಇಡುವವಳಲ್ಲ," ಎಂದು ಅಕ್ಕೋರು ಕಿಟಕಿಯಿಂದ ಕೈ ಹೊರಗೆ ಚಾಚಿದರು. "ಚಹಾ ಇಲ್ಲಿಗೇ ಬರ್ಲಿ. ಸಕ್ಕರೆ ಜಾಸ್ತಿ ಹಾಕಲಿಕ್ಕೆ ಹೇಳು."